ದಸರಾ ಪಾಸು ಮತ್ತು ಆಲೆಮನೆಯ ಲಾಗಿನ್

ಕೇಳುಗರಿಗೆಲ್ಲ ನಮಸ್ಕಾರ.

ಮಂಡ್ಯದ ಸುತ್ತಮುತ್ತ ಆಲೆಮನೆ ನಡೆಸುವ ಒಂದಷ್ಟು ಜನ ಸೇರಿ ಗುಂಪು ಮಾಡಿಕೊಂಡಿದ್ದಾರೆ. ಇವತ್ತು ಎಷ್ಟು ಅಚ್ಚು ಬೆಲ್ಲ ಆಯಿತು, ಎಷ್ಟು ಕುರಿಕಾಟು, ಎಷ್ಟು ಬಕೆಟ್, ಯಾರಿಗೆ ಯಾವ ದರಕ್ಕೆ ಹೋಯಿತು, ದುಡ್ಡು ಬಂತಾ ಇಲ್ವಾ, ಇದನ್ನೆಲ್ಲ ಬರೆದಿಡಲು ಅವರಿಗೊಂದು ವೆಬ್ ಅಪ್ಲಿಕೇಶನ್ ಮಾಡಿಕೊಟ್ಟವನು ನಾನು. ಲೆಕ್ಕದ ಭಾಗ ಸಲೀಸಾಗಿ ನಡೆಯಿತು. ತೊಂದರೆ ಬಂದಿದ್ದು ಬಾಗಿಲಲ್ಲೇ. "ಪಾಸ್‌ವರ್ಡ್ ಮರ್ತೋಯ್ತು ಸಾರ್" ಅಂತ ದಿನಾ ಬೆಳಗ್ಗೆ ಫೋನು. ಕೊಪ್ಪರಿಗೆ ಪಕ್ಕ ನಿಂತು, ಪಾಕದ ಹದ ನೋಡುವವರಿಗೆ, ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇರುವ ಪಾಸ್‌ವರ್ಡ್ ನೆನಪಿಟ್ಟುಕೊಳ್ಳಿ ಅನ್ನುವುದು ನ್ಯಾಯವಲ್ಲ. ಕೆಲವರು ಅದನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಟ್ಟಿದ್ದರು. ಆದರೆ ಹೆಚ್ಚಿನವರ ಕೈಯಲ್ಲಿ ಆಂಡ್ರಾಯ್ಡ್ ಫೋನಿತ್ತು. ಅದರಲ್ಲಿ ಗೂಗಲ್ ಖಾತೆಯೂ ಇತ್ತು. ಹಾಗಾಗಿ, ಗೂಗಲ್ ಮೂಲಕ ಒಳಗೆ ಬನ್ನಿ ಎಂಬ ಒಂದು ಬಟನ್ ಹಾಕಲು ಹೊರಟೆ. ಥರ್ಡ್ ಪಾರ್ಟಿ ಲಾಗಿನ್ ಅನ್ನುತ್ತಾರಲ್ಲ, ಅದು.

ಮೈಸೂರಿನ ಕೇಳುಗರಿಗೆ ಇದನ್ನು ಹೇಳಲು ದಸರಾ ಪಾಸಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಜಂಬೂ ಸವಾರಿ ದಿನ ಅರಮನೆ ಗೇಟಿನಲ್ಲಿ ನಿಂತ ಪೊಲೀಸಿನವರಿಗೆ ನೀವು ಯಾರು ಅಂತ ಗೊತ್ತಿರುವುದಿಲ್ಲ. ಅವರು ನಿಮ್ಮ ಕೈಯಲ್ಲಿರುವ ಪಾಸನ್ನು ನೋಡುತ್ತಾರೆ. ಕೊಟ್ಟವರು ಯಾರು, ಮೊಹರು ಸರಿಯಾಗಿದೆಯಾ, ಯಾವ ಗೇಟಿಗೆ, ಯಾವ ದಿನಕ್ಕೆ, ಇಷ್ಟು ನೋಡಿ ಒಳಗೆ ಬಿಡುತ್ತಾರೆ. ನಿಮ್ಮ ಮನೆಯ ಬೀಗದ ಕೈ ಕೇಳುವುದಿಲ್ಲ, ಅಲ್ವಾ? ಇಲ್ಲೂ ಹಾಗೇ. ಪಾಸ್ ಕೊಡುವುದು ಗೂಗಲ್. ಗೇಟಿನಲ್ಲಿ ನಿಲ್ಲುವುದು ನಮ್ಮ ಅಪ್ಲಿಕೇಶನ್. ಜನರ ಪಾಸ್‌ವರ್ಡ್ ನಮ್ಮ ಕಣ್ಣಿಗೇ ಬೀಳುವುದಿಲ್ಲ.

ಹಿಂದೆ ಬೀಗದ ಕೈಯನ್ನೇ ಕೇಳುತ್ತಿದ್ದ ಕಾಲವೂ ಇತ್ತು. ನಿಮ್ಮ ಗೆಳೆಯರು ಯಾರ್ಯಾರು ಇದ್ದಾರೆ ಹುಡುಕಿಕೊಡುತ್ತೇವೆ, ನಿಮ್ಮ ಇಮೇಲ್ ಪಾಸ್‌ವರ್ಡ್ ಹಾಕಿ ಅಂತ ವೆಬ್‌ಸೈಟ್‌ಗಳು ಕೇಳುತ್ತಿದ್ದವು. ಜನ ಹಾಕುತ್ತಲೂ ಇದ್ದರು. ಅದನ್ನು ತಪ್ಪಿಸಲು 2007ರಲ್ಲಿ ಓಆತ್ ಎಂಬ ಪದ್ಧತಿ ಬಂತು, 2012ರಲ್ಲಿ ಅದರ ಎರಡನೇ ಆವೃತ್ತಿ. ಓಆತ್ ಇರುವುದು ಅನುಮತಿ ಕೊಡಲು. ಬಂದವರು ಯಾರು ಅಂತ ಗುರುತು ಹೇಳುವ ಕೆಲಸಕ್ಕೆ ಅದರ ಮೇಲೆ 2014ರಲ್ಲಿ ಓಪನ್‌ಐಡಿ ಕನೆಕ್ಟ್ ಕಟ್ಟಿದರು. ನಾವು ಬಟನ್ ಹಾಕುವಾಗ ಬಳಸುವುದು ಇದನ್ನೇ.

ಬಟನ್ ಒತ್ತಿದ ಮೇಲೆ ಏನಾಗುತ್ತದೆ? ನಮ್ಮ ಪುಟ ಅವರನ್ನು ಗೂಗಲ್ ಹತ್ತಿರ ಕಳಿಸುತ್ತದೆ. ಅಲ್ಲಿ ಅವರು ಒಪ್ಪಿಗೆ ಕೊಟ್ಟರೆ, ಗೂಗಲ್ ಅವರನ್ನು ನಮ್ಮ ವಿಳಾಸಕ್ಕೆ ವಾಪಸ್ ಕಳಿಸುತ್ತದೆ. ಆ ವಿಳಾಸವನ್ನು ನಾವು ಮೊದಲೇ ಗೂಗಲ್‌ನಲ್ಲಿ ನೋಂದಾಯಿಸಿರಬೇಕು. ಒಂದಕ್ಷರ ಹೆಚ್ಚುಕಮ್ಮಿಯಾದರೂ ನಡೆಯುವುದಿಲ್ಲ. ವಾಪಸ್ ಬರುವಾಗ ಬ್ರೌಸರ್ ಕೈಯಲ್ಲಿ ಪಾಸ್ ಇರುವುದಿಲ್ಲ, ಒಂದು ಟೋಕನ್ ಚೀಟಿ ಇರುತ್ತದೆ. ಅದಕ್ಕೆ ಕೋಡ್ ಅನ್ನುತ್ತಾರೆ. ನಮ್ಮ ಸರ್ವರ್, ಅಂದರೆ ಅಪ್ಲಿಕೇಶನ್ ನಡೆಯುವ ಕಂಪ್ಯೂಟರ್, ಆ ಚೀಟಿಯನ್ನೂ ತನ್ನ ಗುಟ್ಟಿನ ಕೀಲಿಯನ್ನೂ ತೆಗೆದುಕೊಂಡು ತಾನೇ ಗೂಗಲ್ ಕೌಂಟರಿಗೆ ಹೋಗಿ ನಿಜವಾದ ಪಾಸ್ ಪಡೆಯುತ್ತದೆ. ಯಾಕೆ ಇಷ್ಟು ಸುತ್ತು? ಬ್ರೌಸರ್ ಹಿಡಿದು ಬಂದದ್ದು ಅಡ್ರೆಸ್ ಬಾರ್‌ನಲ್ಲಿ ಕಾಣುತ್ತದೆ, ಹಿಸ್ಟರಿಯಲ್ಲಿ ಉಳಿಯುತ್ತದೆ. ಅದಕ್ಕೇ ಚೀಟಿ ಒಂದೇ ಸಲಕ್ಕೆ. ಹೆಚ್ಚೆಂದರೆ 10 ನಿಮಿಷ ಅಂತ ಓಆತ್ ನಿಯಮಗಳ ದಾಖಲೆಯೇ ಸಲಹೆ ಕೊಟ್ಟಿದೆ. ಚೀಟಿ ದಾರಿಯಲ್ಲಿ ಕಳುವಾದರೂ ಕದ್ದವನಿಗೆ ಉಪಯೋಗಕ್ಕೆ ಬಾರದಂತೆ 2015ರಲ್ಲಿ ಪಿಕ್ಸಿ ಎಂಬ ಇನ್ನೊಂದು ಕಾವಲು ಬಂದಿದೆ. ಅದನ್ನೂ ಹಾಕಿಕೊಳ್ಳಿ. ಗುಟ್ಟಿನ ಕೀಲಿಯನ್ನು ಮಾತ್ರ ಬ್ರೌಸರ್‌ನಲ್ಲಿ ನಡೆಯುವ ಜಾವಾಸ್ಕ್ರಿಪ್ಟ್ ಒಳಗೆ ಇಡಬೇಡಿ, ಪ್ರೋಗ್ರಾಂಗಳನ್ನು ಎಲ್ಲರಿಗೂ ಕಾಣುವಂತೆ ಇಡುವ ಗಿಟ್‌ಹಬ್‌ನಂಥ ತಾಣಕ್ಕೆ ಏರಿಸಬೇಡಿ.

ಸ್ಟೇಟ್ ಎಂಬ ಇನ್ನೊಂದು ಸಣ್ಣ ಕಾವಲು ಇದೆ. ಕಳಿಸುವಾಗ ಒಂದು ಯಾದೃಚ್ಛಿಕ, ಅಂದರೆ ಯಾರೂ ಊಹಿಸಲಾಗದ ಸಂಖ್ಯೆ ಕೊಟ್ಟು ಕಳಿಸಬೇಕು. ವಾಪಸ್ ಬಂದಾಗ ಅದೇ ಇದೆಯಾ ನೋಡಬೇಕು. ಇದನ್ನು ಸುಮ್ನೆ ಬಿಟ್ಟುಬಿಡುವವರು ಜಾಸ್ತಿ, ಯಾಕೆಂದರೆ ಇದಿಲ್ಲದೆಯೂ ಲಾಗಿನ್ ನಡೆಯುತ್ತದೆ. ಬಿಟ್ಟರೆ ಆಗುವುದು ಹೀಗೆ. ಒಬ್ಬ ಕಳ್ಳ ತನ್ನ ಚೀಟಿಯಿರುವ ಲಿಂಕನ್ನು ನಿಮಗೆ ಕಳಿಸುತ್ತಾನೆ. ನೀವು ಒತ್ತುತ್ತೀರಿ. ನಿಮಗೆ ಗೊತ್ತಿಲ್ಲದೆ ಅವನ ಖಾತೆಯೊಳಗೆ ಹೋಗಿರುತ್ತೀರಿ. ಅಲ್ಲಿ ನಿಮ್ಮ ಬ್ಯಾಂಕ್ ವಿವರ ತುಂಬುತ್ತೀರಿ, ನಿಮ್ಮ ಬೆಲ್ಲದ ಲೆಕ್ಕ ಬರೆಯುತ್ತೀರಿ. ಎಲ್ಲ ಅವನ ಪುಸ್ತಕಕ್ಕೆ ಹೋಗುತ್ತದೆ.

ಪಾಸ್ ಕೈಗೆ ಬಂದ ಮೇಲೆ ಗೇಟಿನ ಪೊಲೀಸಿನವರ ಹಾಗೆ ಓದಬೇಕು. ಗೂಗಲ್‌ನ ಡಿಜಿಟಲ್ ಸಹಿ ಇದೆಯಾ, ಅವಧಿ ಮುಗಿದಿಲ್ಲವಾ, ಕೊಟ್ಟವರು ಗೂಗಲ್ಲೇನಾ. ಇವು ಯಾರಿಗಾದರೂ ಹೊಳೆಯುತ್ತವೆ. ಹೊಳೆಯದೇ ಇರುವುದು, ಈ ಪಾಸ್ ಯಾರ ಗೇಟಿಗೆ ಅನ್ನುವುದು. ಬನ್ನಿಮಂಟಪದ ಪಂಜಿನ ಕವಾಯತಿನ ಪಾಸ್ ಹಿಡಿದುಕೊಂಡು ಅರಮನೆ ಗೇಟಿಗೆ ಬಂದರೆ ಬಿಡುತ್ತಾರಾ? ಅಸಲಿ ಪಾಸೇ, ಮೊಹರೂ ಸರಿಯೇ, ಆದರೆ ಗೇಟು ಬೇರೆ. ನೀವು ಯಾವುದೋ ಆಟದ ವೆಬ್‌ಸೈಟಿಗೆ ಗೂಗಲ್ ಮೂಲಕ ಹೋಗಿದ್ದೀರಿ ಅನ್ನೋಣ. ಆ ಸೈಟಿನವನ ಕೈಯಲ್ಲಿ ನಿಮ್ಮ ಹೆಸರಿನ ಅಸಲಿ ಪಾಸ್ ಇರುತ್ತದೆ. ನಮ್ಮ ಅಪ್ಲಿಕೇಶನ್ ಗೇಟಿನ ಹೆಸರು ಓದದೆ ಪಾಸ್ ಒಪ್ಪಿಕೊಳ್ಳುವಂತಿದ್ದರೆ, ಅವನು ಅದನ್ನೇ ತೋರಿಸಿ ನಿಮ್ಮ ಲೆಕ್ಕದ ಪುಸ್ತಕ ತೆರೆಯಬಹುದು. ಪಾಸಿನಲ್ಲಿ ಆಡಿಯೆನ್ಸ್ ಎಂಬ ಜಾಗ ಇದಕ್ಕೆಂದೇ ಇದೆ. ಅಲ್ಲಿ ನಮ್ಮ ಅಪ್ಲಿಕೇಶನ್‌ನ ಗುರುತು ಇದ್ದರೆ ಮಾತ್ರ ಒಳಗೆ. ಇಂಥದ್ದನ್ನೆಲ್ಲ ಕೈಯಾರೆ ಬರೆಯಲು ಹೋಗದಿರುವುದೇ ಒಳ್ಳೆಯದು. ವೆಬ್ ಅಪ್ಲಿಕೇಶನ್ ಕಟ್ಟಲು ಬಳಸುವ ಸಿದ್ಧ ಚೌಕಟ್ಟುಗಳಲ್ಲಿ ಜ್ಯಾಂಗೋಗೆ ಆಲ್‌ಆತ್ ಇದೆ, ಸ್ಪ್ರಿಂಗ್‌ಗೆ ಸ್ಪ್ರಿಂಗ್ ಸೆಕ್ಯೂರಿಟಿ ಇದೆ. ಬಹಳ ಜನ ಬಳಸಿ, ತಿದ್ದಿ, ಗಟ್ಟಿ ಮಾಡಿದ ಪ್ರೋಗ್ರಾಂಗಳು ಅವು.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ನಾನೊಂದು ತಪ್ಪು ಮಾಡಿದೆ. ಅದನ್ನು ಹೇಳಲೇಬೇಕು. ಒಳಗೆ ಬಂದವರು ಯಾರು ಅಂತ ಗುರುತಿಸಲು ನಾನು ಇಮೇಲ್ ವಿಳಾಸ ನೋಡುತ್ತಿದ್ದೆ. ಬೆಲ್ಲ ಕೊಳ್ಳುವ ಒಂದು ಸಂಸ್ಥೆಯವರಿಗೂ ನಮ್ಮಲ್ಲಿ ಖಾತೆ ಇತ್ತು. ಅಲ್ಲಿ ಲೆಕ್ಕ ನೋಡುತ್ತಿದ್ದವರು ಕೆಲಸ ಬಿಟ್ಟರು. ಅವರ ಇಮೇಲ್ ಖಾತೆಯನ್ನು ಅಳಿಸಿದರು. ಸ್ವಲ್ಪ ದಿನದ ಮೇಲೆ ಅದೇ ವಿಳಾಸವನ್ನು ಹೊಸಬರಿಗೆ ಕೊಟ್ಟರು. ಹೊಸಬರು ಗೂಗಲ್ ಬಟನ್ ಒತ್ತಿದರು. ಹಳಬರು ಆಲೆಮನೆಯವರ ಜೊತೆ ನಡೆಸಿದ್ದ ಮಾತುಕತೆ, ಅವರ ಸ್ವಂತ ಮೊಬೈಲ್ ನಂಬರ್, ಎಲ್ಲ ಇವರ ಮುಂದೆ ತೆರೆದುಕೊಂಡಿತು. ಆ ಹೊಸಬರು ಒಳ್ಳೆಯವರು, ತಾವೇ ಫೋನ್ ಮಾಡಿ ತಿಳಿಸಿದರು. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಗೂಗಲ್ ಕೊಡುವ ಪಾಸಿನಲ್ಲಿ ಸಬ್ ಎಂಬ ಇನ್ನೊಂದು ಜಾಗವಿದೆ. ಅದು ಆ ಖಾತೆಯ ಕಾಯಂ ಸಂಖ್ಯೆ. ಇಮೇಲ್ ಬದಲಾಗಬಹುದು, ಒಬ್ಬರಿಂದ ಇನ್ನೊಬ್ಬರಿಗೆ ಹೋಗಬಹುದು. ಈ ಸಂಖ್ಯೆಯನ್ನು ಮಾತ್ರ ಗೂಗಲ್ ಮತ್ತೊಬ್ಬರಿಗೆ ಕೊಡುವುದಿಲ್ಲ. ಗುರುತಿಗೆ ಇದನ್ನೇ ಬಳಸಿ ಅಂತ ಅವರ ಕೈಪಿಡಿಯಲ್ಲೇ ಬರೆದಿದೆ. ನಾನು ಓದಿರಲಿಲ್ಲ. ಈಗ ನಮ್ಮ ಕೋಷ್ಟಕದಲ್ಲಿ ಪಾಸ್ ಕೊಟ್ಟವರ ಹೆಸರು ಮತ್ತು ಈ ಸಂಖ್ಯೆ, ಎರಡೂ ಸೇರಿದರೆ ಒಬ್ಬ ವ್ಯಕ್ತಿ. ಇಮೇಲ್ ಬರೀ ಪತ್ರ ಕಳಿಸಲು. ಹಾಗೆಯೇ, ಮೊದಲು ಪಾಸ್‌ವರ್ಡ್ ಹಾಕಿ ಬರುತ್ತಿದ್ದವರು ಈಗ ಗೂಗಲ್ ಮೂಲಕ ಬಂದರೆ, ಇಮೇಲ್ ಒಂದೇ ಇದೆ ಅಂತ ಎರಡು ಖಾತೆಗಳನ್ನು ತಾನಾಗಿ ಜೋಡಿಸಬೇಡಿ. ಆ ಹಳೇ ಖಾತೆಯನ್ನು ಬೇರೆ ಯಾರೋ ಇವರ ಇಮೇಲ್ ಹಾಕಿ ತೆರೆದಿಟ್ಟಿರಬಹುದು. ಹಳೇ ಪಾಸ್‌ವರ್ಡ್ ಒಂದು ಸಲ ಕೇಳಿ ಜೋಡಿಸಿ.

ಗುಂಪಿನ ಕಚೇರಿಯಲ್ಲಿ ಇರುವುದು ಒಂದೇ ಕಂಪ್ಯೂಟರ್. ಒಬ್ಬರು ನಮ್ಮ ಅಪ್ಲಿಕೇಶನ್‌ನಿಂದ ಲಾಗ್‌ಔಟ್ ಆಗಿ ಎದ್ದು ಹೋಗುತ್ತಿದ್ದರು. ಮುಂದಿನವರು ಬಂದು ಬಟನ್ ಒತ್ತಿದರೆ ಮತ್ತೆ ಹಳಬರ ಪುಸ್ತಕವೇ. ನಮ್ಮಿಂದ ಹೊರಗೆ ಹೋದರೂ ಗೂಗಲ್‌ನಲ್ಲಿ ಅವರು ಒಳಗೇ ಇರುತ್ತಾರಲ್ಲ. ಪ್ರತಿ ಸಲವೂ ಯಾವ ಖಾತೆ ಅಂತ ಕೇಳು ಎಂದು ಗೂಗಲ್‌ಗೆ ಹೇಳಿ ಕಳಿಸುವ ಒಂದು ಆಯ್ಕೆ ಇದೆ. ಅದನ್ನು ಸೇರಿಸಿದೆ. ಕೆಲಸ ಮುಗಿದ ಮೇಲೆ ಗೂಗಲ್‌ನಿಂದಲೂ ಹೊರಬನ್ನಿ ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆದೆ.

ಬಟನ್ ಮೊದಲ ಸಲ ತೋರಿಸಿದಾಗ ಹಿರಿಯರೊಬ್ಬರು, "ಇದನ್ನ ಒತ್ತುದ್ರೆ ನನ್ ಅಕೌಂಟ್ ದುಡ್ಡು ಹೋಗಕಿಲ್ವಾ ಮಗ?" ಅಂದರು. ಸರಿಯಾದ ಪ್ರಶ್ನೆ. ನಾವು ಕೇಳುವುದು ಹೆಸರು, ಇಮೇಲ್, ಆ ಕಾಯಂ ಸಂಖ್ಯೆ, ಅಷ್ಟೇ. ಫೋನಿನ ನಂಬರುಗಳ ಪಟ್ಟಿಯನ್ನೋ ಕಡತಗಳನ್ನೋ ಕೇಳಲು ನಮಗೆ ಕಾರಣವೇ ಇಲ್ಲ. ಕೆಲಸಕ್ಕೆ ಬೇಕಾದಷ್ಟೇ ಮಾಹಿತಿಗೆ ಒಪ್ಪಿಗೆ ಪಡೆಯಬೇಕು ಅಂತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ. ಏನು ತೆಗೆದುಕೊಳ್ಳುತ್ತೇವೆ, ಯಾಕೆ ಅನ್ನುವುದನ್ನು ಬಟನ್ ಕೆಳಗೇ ಎರಡು ಸಾಲಿನಲ್ಲಿ ಬರೆದೆವು. ಆ ಹಿರಿಯರಿಗೆ ಓದಿ ಹೇಳಿದ ಮೇಲೆ ಅವರೇ ಒತ್ತಿದರು.

ಇನ್ನು ಎರಡನೇ ಬಾಗಿಲಿನ ಮಾತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ನಿಂತುಹೋಯಿತು. ಫೇಸ್‌ಬುಕ್ ಮೂಲಕ ಮಾತ್ರ ಲಾಗಿನ್ ಇಟ್ಟುಕೊಂಡಿದ್ದ ಬೇರೆ ಸೈಟ್‌ಗಳ ಬಾಗಿಲೂ ಅಷ್ಟು ಹೊತ್ತು ಮುಚ್ಚಿತು. ಬೆಲ್ಲ ಲಾರಿಗೆ ಏರುವ ಹೊತ್ತಿನಲ್ಲಿ ನಮಗೆ ಹಾಗಾದರೆ? ಅದಕ್ಕೇ ಮೊಬೈಲ್‌ಗೆ ಒಟಿಪಿ ಬರುವ ದಾರಿಯನ್ನೂ ಇಟ್ಟೆವು. ಗುಂಪಿನಲ್ಲಿ ಇಬ್ಬರು ಇನ್ನೂ ಕೀಪ್ಯಾಡ್ ಫೋನಿನಲ್ಲೇ ಇದ್ದಾರೆ. ಅವರಿಗೆ ಗೂಗಲ್ ಖಾತೆ ಬೇಡ, ಅವರು ಕೇಳಿಲ್ಲ. ವಾರಕ್ಕೊಂದು ದಿನ ಕಚೇರಿಗೆ ಬಂದು, ಜೇಬಿನಿಂದ ಫೋನ್ ತೆಗೆದು, ಒಟಿಪಿಯ ಆರು ಅಂಕಿಗಳನ್ನು ತಾವೇ ಒಂದೊಂದಾಗಿ ಒತ್ತಿ ತಮ್ಮ ಲೆಕ್ಕ ನೋಡಿಕೊಂಡು ಹೋಗುತ್ತಾರೆ.

ನಮಸ್ಕಾರ.