ರಾತ್ರಿಯ ಗುಳಿಗೆ ಮತ್ತು ಕಣ್ಣಿನ ನರ

ಕೇಳುಗರಿಗೆ ನಮಸ್ಕಾರ.

ಆಳಂದ ಕಡೆಯ ನಿವೃತ್ತ ಶಿಕ್ಷಕರೊಬ್ಬರು, ಕಣ್ಣಿನ ನರ ಮೆಲ್ಲಗೆ ಹಾಳಾಗುವ ಗ್ಲಾಕೋಮಾ ರೋಗದ ಚಿಕಿತ್ಸೆಗೆಂದು ಕಲಬುರಗಿಗೆ ನನ್ನಲ್ಲಿಗೆ ಬರುತ್ತಾರೆ. ಕಣ್ಣಿಗೆ ಹನಿ ಹಾಕುವುದನ್ನು ಒಂದು ಹೊತ್ತೂ ತಪ್ಪಿಸಿದವರಲ್ಲ. ಕಣ್ಣೊತ್ತಡ 17ಕ್ಕೆ ಇಳಿದಿತ್ತು. ಆದರೂ ದೃಷ್ಟಿಕ್ಷೇತ್ರವನ್ನು, ಅಂದರೆ ಕಣ್ಣಿಗೆ ಕಾಣುವ ವ್ಯಾಪ್ತಿಯನ್ನು, ಪರೀಕ್ಷಿಸಿದಾಗಲೆಲ್ಲ ಕಾಣದ ಕಪ್ಪು ಭಾಗ ತುಸು ಹರಡಿಯೇ ಇರುತ್ತಿತ್ತು. ಒಂದು ದಿನ ಅವರ ಕೈಚೀಲದಿಂದ ಮೂರು ಬಗೆಯ ಬಿ.ಪಿ. ಗುಳಿಗೆಗಳು ಹೊರಬಂದವು. “ಮೂರೂ ರಾತ್ರಿ ಊಟ ಆದಮ್ಯಾಗ ಒಮ್ಮೆಗೇ ನುಂಗತೀನ್ರಿ ಸಾಹೇಬ್ರ, ಮರಿಯೂದಿಲ್ಲ ನೋಡ್ರಿ” ಎಂದರು. ಗುಳಿಗೆ ಯಾವ ಹೊತ್ತಿಗೆ ನುಂಗುತ್ತೀರಿ ಎಂಬ ಪ್ರಶ್ನೆಯನ್ನೇ ಎರಡು ವರ್ಷ ನಾನು ಕೇಳಿರಲಿಲ್ಲ.

ಕಣ್ಣಿನ ನರಕ್ಕೆ ರಕ್ತ ತಲುಪಬೇಕಾದರೆ ಅದು ಕಣ್ಣೊಳಗಿನ ಒತ್ತಡವನ್ನು ಮೀರಿ ಹರಿಯಬೇಕು. ಆ ಶಿಕ್ಷಕರ ಕೆಳಗಿನ ಬಿ.ಪಿ. ಹಗಲಿನಲ್ಲಿ 84 ಇತ್ತು. ಅದರಲ್ಲಿ 17 ಕಳೆದರೆ ಉಳಿಯುವುದು 67. ತೋಳಿಗೆ ಪಟ್ಟಿ ಕಟ್ಟಿ 24 ಗಂಟೆ ಅಳೆಯುವ ಯಂತ್ರದಲ್ಲಿ ನಸುಕಿನ ಮೂರು ಗಂಟೆಗೆ ಕಂಡದ್ದು 56, ಅಂದರೆ ಉಳಿದದ್ದು 39 ಮಾತ್ರ. ಮಲಗಿದಾಗ ಕಣ್ಣೊತ್ತಡ ಏರುವುದರಿಂದ ನಿಜವಾದ ಲೆಕ್ಕ ಇನ್ನೂ ಕಡಿಮೆಯೇ ಇದ್ದೀತು. ನಿದ್ರೆಯಲ್ಲಿ ರಕ್ತದೊತ್ತಡ ಶೇಕಡಾ 10ರಿಂದ 20ರಷ್ಟು ಇಳಿಯುವುದು ಸಹಜ. ಮಲಗುವ ಮುನ್ನ ನುಂಗಿದ ಗುಳಿಗೆ ಆ ಇಳಿತವನ್ನು ಮತ್ತಷ್ಟು ಆಳಕ್ಕೆ ಒಯ್ಯಬಲ್ಲದು. ಅಮೆರಿಕದ ಅಯೋವಾದಲ್ಲಿದ್ದ ಪಂಜಾಬ್ ಮೂಲದ ನೇತ್ರವಿಜ್ಞಾನಿ ಸೋಹನ್ ಸಿಂಗ್ ಹೇರೆ ಅವರು 1994ರಲ್ಲಿಯೇ ಈ ರಾತ್ರಿಯ ಕುಸಿತದ ಕಡೆಗೆ ವೈದ್ಯರ ಗಮನ ಸೆಳೆದಿದ್ದರು.

ಇದನ್ನು ಕೇಳಿ ಯಾರೂ ನಾಳೆಯಿಂದಲೇ ಗುಳಿಗೆ ಬಿಡಬಾರದು. ಏರಿದ ಬಿ.ಪಿ.ಯನ್ನು ಹಾಗೆಯೇ ಬಿಟ್ಟರೆ ಪಾರ್ಶ್ವವಾಯು ಬರಬಹುದು, ಮೂತ್ರಪಿಂಡ ಕೆಡಬಹುದು. ಕೇಳಬೇಕಾದದ್ದು ಹೊತ್ತಿನ ಪ್ರಶ್ನೆ, ಅದನ್ನೂ ಗುಳಿಗೆ ಬರೆದುಕೊಟ್ಟ ವೈದ್ಯರನ್ನೇ ಕೇಳಬೇಕು. ಬಿ.ಪಿ. ನೋಡುವವರಿಗೆ ಗ್ಲಾಕೋಮಾ ಇರುವುದು ಗೊತ್ತಿರುವುದಿಲ್ಲ, ಕಣ್ಣು ನೋಡುವ ನಮಗೆ ಗುಳಿಗೆಯ ಹೊತ್ತು ಗೊತ್ತಿರುವುದಿಲ್ಲ. ನಮ್ಮ ಭಾಗದ ಬೇಸಿಗೆಯಲ್ಲಂತೂ ಬೆವರು ಹರಿದು ಮೈಯ ನೀರು ಇಳಿದಿರುವಾಗ, ಮೂತ್ರ ಹೆಚ್ಚಿಸುವ ಬಗೆಯ ಬಿ.ಪಿ. ಗುಳಿಗೆ ತೆಗೆದುಕೊಳ್ಳುವವರು ಎದ್ದು ನಿಂತೊಡನೆ ತಲೆ ಸುತ್ತಿದರೆ ಅದನ್ನು ಬಿಸಿಲಿನ ಮೇಲೆ ಹಾಕಿ ಸುಮ್ಮನಾಗದೆ ವೈದ್ಯರಿಗೆ ಹೇಳಬೇಕು.

ಶಿಕ್ಷಕರ ಎರಡು ಗುಳಿಗೆಗಳನ್ನು ಅವರ ವೈದ್ಯರು ಬೆಳಗಿನ ಹೊತ್ತಿಗೆ ಬದಲಿಸಿದ್ದಾರೆ. ಹೋದ ದೃಷ್ಟಿ ಮರಳುವುದಿಲ್ಲವೆಂದು ಅವರಿಗೆ ತಿಳಿಸಿದ್ದೇನೆ. ಕಪ್ಪು ಭಾಗ ಅಲ್ಲಿಯೇ ನಿಂತಿದೆಯೇ ಎಂಬುದನ್ನು ಮುಂದಿನ ಪರೀಕ್ಷೆಯಲ್ಲಿ ನೋಡಬೇಕು.

ನಮಸ್ಕಾರ.