ಮಿಣ ಮಿಣ ಒಂದಾ, ಎರಡಾ?

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಕೆಲಸ ಮಾಡಿ. ಎರಡೂ ಅಂಗೈ ಕೆಳಗೆ ಮಾಡಿ, ಬೆರಳು ಬಿಡಿಸಿ ತೊಡೆ ಮೇಲಿಡಿ. ನಾಚಿಕೆ ಬೇಡ, ಪಕ್ಕದವರೂ ಇಟ್ಟಿದ್ದಾರೆ.

ಈಗ ಎಡಗೈ ಕಿರುಬೆರಳಿಂದ ಶುರು ಮಾಡಿ. ಅವಲಕ್ಕಿ, ಪವಲಕ್ಕಿ, ಕಾಂಚನ, ಮಿಣಮಿಣ, ಡಾಮ್, ಡೂಮ್, ಟಸ್, ಪುಸ್, ಕೊಂಯ್, ಕೊಟಾರ್. ಒಂದು ಮಾತಿಗೆ ಒಂದು ಬೆರಳು. ಸರಿಯಾಗಿ 10. ಕೊಟಾರ್ ಬಿದ್ದ ಬೆರಳನ್ನು ಮಡಚಿ, ಮುಂದಿನ ಬೆರಳಿಂದ ಮತ್ತೆ ಹೇಳುತ್ತಾ ಹೋಗಿ. ನಾನೀಗಲೇ ಭವಿಷ್ಯ ಹೇಳುತ್ತೇನೆ: ಕೊನೆಗೆ ಉಳಿಯುವುದು ನಿಮ್ಮ ಬಲಗೈ ನಡುಬೆರಳು.

ಇದು ಎಣಿಸುವ ಆಟ, ಆದರೆ ಇದರಲ್ಲಿ ಅಂಕಿಯೇ ಇಲ್ಲ ನೋಡಿ. ಒಂದು, ಎರಡು ಬಾರದ ಮಗುವೂ ಆಡುತ್ತದೆ. ಮಾತುಗಳಿಗೆ ಅರ್ಥ ಹುಡುಕಿದರೆ ಅರ್ಧ ದಾರಿಯಲ್ಲೇ ಕೈಕೊಡುತ್ತವೆ. ಅವಲಕ್ಕಿ ಗೊತ್ತು, ಕಾಂಚನ ಅಂದರೆ ಚಿನ್ನ, ಅದು ಮಿಣಮಿಣ ಹೊಳೆಯುತ್ತದೆ. ಪವಲಕ್ಕಿ ಏನು? ನಾವು ಮಾತಾಡುವಾಗ ‘ಅವಲಕ್ಕಿ ಗಿವಲಕ್ಕಿ’ ಅಂತೇವೆ, ಯಾರೂ ‘ಪವಲಕ್ಕಿ’ ಅನ್ನುವುದಿಲ್ಲ. ಡಾಮ್ ಡೂಮ್ ಬರುವ ಹೊತ್ತಿಗೆ ಬರೀ ಸದ್ದು. ಊರಿಂದ ಊರಿಗೆ ಈ ಸದ್ದುಗಳು ಬದಲಾಗುತ್ತವೆ. ಪ್ರತಿ ಊರಿನವರೂ ತಮ್ಮದೇ ಸರಿ ಅಂತ ಜಗಳಕ್ಕೆ ನಿಲ್ಲುತ್ತಾರೆ. ಯಾರೂ ಬರೆದು ಕಲಿಸಿದ್ದಲ್ಲ, ಅಕ್ಕನ ಬಾಯಿಂದ ತಂಗಿಯ ಬಾಯಿಗೆ ಬಂದದ್ದು ಅಲ್ವಾ?

ದೊಡ್ಡವರಿಗೂ ಬೆರಳೇ ಲೆಕ್ಕದ ಪುಸ್ತಕವಾಗಿತ್ತು. ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳುಗಳ ಗೆಣ್ಣಿನ ಮೇಲೆ ಓಡಿಸಿದರೆ ಒಂದು ಕೈಯಲ್ಲೇ 12 ಸಿಗುತ್ತದೆ. ತಿಥಿ, ಜಪ, ಹಾಲಿನ ಲೆಕ್ಕ ಎಲ್ಲಾ ಹೀಗೇ.

ಆದರೆ ಮಕ್ಕಳ ಎಣಿಕೆಗೆ ಬೇರೆ ಕೆಲಸವೂ ಇತ್ತು. ಕಣ್ಣಾಮುಚ್ಚಾಲೆಗೆ ಕಳ್ಳ ಯಾರು ಅಂತ ತೀರ್ಮಾನಿಸಬೇಕು. ನಮ್ಮ ಮನೆಯಲ್ಲಿ ಕರೆಂಟು ಹೋದ ರಾತ್ರಿ ಜಗಲಿಯಲ್ಲಿ ಅಕ್ಕ, ನಾನು, ತಮ್ಮ ಸುತ್ತ ಕೂರುತ್ತಿದ್ದೆವು. ಬೆರಳಲ್ಲ, ಇಡೀ ಅಂಗೈ. ಒಟ್ಟು 6. ಕೊಟಾರ್ ಬಿದ್ದ ಅಂಗೈ ಮಗುಚಬೇಕು. ಕೊನೆಗೆ ಉಳಿದ ಅಂಗೈಯವರೇ ಕಳ್ಳ.

ಎಣಿಸುವುದು ಯಾವಾಗಲೂ ಅಕ್ಕನೇ. ತನ್ನ ಕೈಯಿಂದಲೇ ಶುರು ಮಾಡುತ್ತಿದ್ದಳು, ಆಮೇಲೆ ನನ್ನವು, ಆಮೇಲೆ ತಮ್ಮನವು. ಎಷ್ಟು ಒಳ್ಳೆಯವಳು, ತನ್ನಿಂದಲೇ ಶುರು ಮಾಡುತ್ತಾಳೆ ಅಂದುಕೊಳ್ಳುತ್ತಿದ್ದೆ. ಆದರೂ ಕಳ್ಳ ನಾನೇ. ದಿನಾ ನಾನೇ!

ಗಣಿತದಲ್ಲಿ ಇದಕ್ಕೆ ಜೋಸೆಫಸ್ ಸಮಸ್ಯೆ ಅಂತ ಹೆಸರಿದೆ ಅಂತ ಗೊತ್ತಾದದ್ದು ಕಾಲೇಜಿನಲ್ಲಿ. ಸುತ್ತ ನಿಂತವರಲ್ಲಿ ಇಷ್ಟನೆಯವರನ್ನು ತೆಗೆಯುತ್ತಾ ಹೋದರೆ ಕೊನೆಗೆ ಉಳಿಯುವವರು ಯಾರು ಅನ್ನುವ ಲೆಕ್ಕ. ಆ ದಿನ ಹಾಸ್ಟೆಲಿನಲ್ಲಿ ಕೂತು ಕಾಗದದ ಮೇಲೆ 6 ಅಂಗೈ ಬರೆದೆ. 10 ಮಾತಿಗೆ ಎಣಿಸಿದರೆ ಉಳಿಯುವುದು 2ನೇ ಅಂಗೈ. ಅಂದರೆ ಅಕ್ಕನದು! ನನ್ನ 4ನೆಯದು ಮೊದಲ ಸುತ್ತಿಗೇ ಪಾರಾಗುತ್ತದೆ. ಹಾಗಾದರೆ ನಾನು ಹೇಗೆ ಸಿಕ್ಕಿಬೀಳುತ್ತಿದ್ದೆ?

ಆಗ ಅಕ್ಕನ ದನಿ ನೆನಪಾಯಿತು. ಅವಳು ‘ಮಿಣಮಿಣ’ ಅಂತ ಒಂದೇ ಏಟಿಗೆ ಹೇಳುತ್ತಿರಲಿಲ್ಲ. ‘ಮಿಣ’ ಅಂತ ಒಂದು ಕೈ, ‘ಮಿಣ’ ಅಂತ ಇನ್ನೊಂದು ಕೈ. ಅಲ್ಲಿಗೆ 11 ಆಯಿತು. 11ಕ್ಕೆ ಎಣಿಸಿ ನೋಡಿ, ಉಳಿಯುವುದು 4ನೇ ಅಂಗೈ.

ಫೋನ್ ಮಾಡಿ ಕೇಳಿದೆ. ‘ಲೆಕ್ಕಗಿಕ್ಕ ನಂಗೊತ್ತಿಲ್ಲಪ್ಪ’ ಅಂದಳು. ‘ಹಾಗೆ ಹೇಳಿದ್ರೆ ನೀನು ಸಿಕ್ಕಿಬೀಳ್ತಿದ್ದೆ, ಅಷ್ಟೇ ಗೊತ್ತಿತ್ತು.’