ಮೊದಲ ಟೇಬಲ್ ರನ್ನರ್: ಮೂರು ಪದರ, ನೇರ ಹೊಲಿಗೆ, ಸುಕ್ಕಿಲ್ಲದ ಕ್ವಿಲ್ಟಿಂಗ್

[ದೃಶ್ಯ: ಮೇಜಿನ ಮೇಲೆ ಹರಡಿದ ಎರಡು ಬಣ್ಣದ ಟೇಬಲ್ ರನ್ನರ್. ಕ್ಯಾಮೆರಾ ಹತ್ತಿರ ಹೋಗಿ ಹೊಲಿಗೆಯ ಗೆರೆಗಳನ್ನು ತೋರಿಸುತ್ತದೆ.]

ನಮಸ್ಕಾರ. ಮೆಷಿನ್‌ನಲ್ಲಿ ನೇರ ಹೊಲಿಗೆ ಹಾಕಲು ಬಂದರೆ ಸಾಕು, ಮೇಜಿನ ನಡುವೆ ಉದ್ದಕ್ಕೆ ಹಾಸುವ ಈ ಟೇಬಲ್ ರನ್ನರನ್ನು ನೀವೇ ಹೊಲಿಯಬಹುದು. ಕೌದಿಯಂತೆ ಇದರಲ್ಲೂ ಪದರಗಳಿವೆ. ಮೇಲೆ ಪಟ್ಟಿ ಜೋಡಿಸಿದ ಬಟ್ಟೆ, ನಡುವೆ ಬ್ಯಾಟಿಂಗ್ ಎನ್ನುವ ತೆಳುವಾದ ಹತ್ತಿಯ ಹಾಸು, ಅಡಿಯಲ್ಲಿ ಒಂದು ಕೆಳಬಟ್ಟೆ. ಮೂರನ್ನೂ ಒಟ್ಟಿಗೆ ಹಿಡಿಯುವ ಹೊಲಿಗೆಯೇ ಕ್ವಿಲ್ಟಿಂಗ್.

ಹೊಸದಾಗಿ ಶುರು ಮಾಡುವವರು ಮೊದಲು ಕೇಳುವುದು ಯಾವ ಮೆಷಿನ್ ಬೇಕು ಅಂತ. ನನ್ನನ್ನು ಕೇಳಿದರೆ ಅದಕ್ಕಿಂತ ಮುಖ್ಯ ಇಸ್ತ್ರಿಪೆಟ್ಟಿಗೆ ಮತ್ತು ಸೇಫ್ಟಿ ಪಿನ್. ರನ್ನರ್ ಮೇಜಿನ ಮೇಲೆ ಚಪ್ಪಟೆಯಾಗಿ ಕೂರುತ್ತದೋ, ಅಲ್ಲಲ್ಲಿ ಉಬ್ಬಿ ಏಳುತ್ತದೋ ಎನ್ನುವುದು ಬಹುಪಾಲು ಮೆಷಿನ್ ಆಚೆಯ ಕೆಲಸದಲ್ಲೇ ತೀರ್ಮಾನವಾಗಿಬಿಡುತ್ತದೆ.

[ತೆರೆಯ ಮೇಲೆ: 4.5 × 14 ಇಂಚಿನ 13 ಪಟ್ಟಿ. ಮುಗಿದಾಗ 52 × 13.5 ಇಂಚು]

ಅಳತೆ ನೋಡೋಣ. ನಾಲ್ಕೂವರೆ ಇಂಚು ಅಗಲ, 14 ಇಂಚು ಉದ್ದದ ಪಟ್ಟಿಗಳು ಒಟ್ಟು 13. ಗಾಢ ಬಣ್ಣದವು 7, ತಿಳಿ ಬಣ್ಣದವು 6. ಬೆಸ ಸಂಖ್ಯೆ ಯಾಕೆಂದರೆ, ಹಾಗಿದ್ದರೆ ಎರಡೂ ತುದಿಗೆ ಒಂದೇ ಬಣ್ಣ ಬರುತ್ತದೆ. ಹೊಲಿದಾದ ಮೇಲೆ ಪ್ರತಿ ಪಟ್ಟಿ 4 ಇಂಚು ಕಾಣುತ್ತದೆ, ಒಟ್ಟು ಉದ್ದ 52 ಇಂಚು. 40 ಇಂಚಿನ ಮೇಜಾದರೆ ಎರಡೂ ಕಡೆ 6 ಇಂಚು ಇಳಿಬೀಳುತ್ತದೆ. ನಿಮ್ಮ ಮೇಜು ಇನ್ನೂ ಉದ್ದವಿದ್ದರೆ ಎರಡೆರಡು ಪಟ್ಟಿ ಸೇರಿಸುತ್ತಾ ಹೋಗಿ. ಅಗಲ ಮೇಜಿನ ಅಗಲದ ಮೂರನೇ ಒಂದು ಭಾಗದಷ್ಟಿದ್ದರೆ ಕಣ್ಣಿಗೆ ಹಿತ.

ಬಟ್ಟೆ ಅಪ್ಪಟ ಹತ್ತಿಯದೇ ಇರಲಿ. ಜಾರುವ ಬಟ್ಟೆ, ಹಿಗ್ಗುವ ಬಟ್ಟೆ ಮೊದಲ ಸಲಕ್ಕೆ ಬೇಡ. 44 ಇಂಚು ಪನ್ನದ ಬಟ್ಟೆಯಾದರೆ ಪಟ್ಟಿಗಳಿಗೆ ಒಂದೊಂದು ಬಣ್ಣದಲ್ಲಿ ಅರ್ಧ ಮೀಟರ್, ಕೆಳಬಟ್ಟೆಗೆ ಒಂದೂವರೆ ಮೀಟರ್ ಸಾಕು. ಕತ್ತರಿಸುವ ಮೊದಲೇ ಒಗೆದು ಒಣಗಿಸಿ. ಹತ್ತಿ ಕುಗ್ಗುತ್ತದೆ, ಗಾಢ ಬಣ್ಣ ಬಿಡುತ್ತದೆ. ಅದೆಲ್ಲ ಈಗಲೇ ಆಗಿಹೋಗಲಿ.

ಬ್ಯಾಟಿಂಗ್ ಆದಷ್ಟೂ ತೆಳುವಾದದ್ದನ್ನು ಆರಿಸಿ. ದಪ್ಪನೆಯದು ಅಂಗಡಿಯಲ್ಲಿ ಮೆತ್ತಗೆ ಚೆನ್ನಾಗಿ ಕಾಣುತ್ತದೆ, ಆದರೆ ಅದರ ಮೇಲೆ ಲೋಟ ಇಟ್ಟರೆ ನೆಟ್ಟಗೆ ನಿಲ್ಲುವುದಿಲ್ಲ. ಪಾಲಿಯೆಸ್ಟರ್ ಬ್ಯಾಟಿಂಗ್ ಬಿಸಿ ತಡೆಯುವುದಿಲ್ಲ. ಅದನ್ನು ಬಳಸಿದರೆ ಇಸ್ತ್ರಿಯ ಬಿಸಿ ಕಡಿಮೆ ಇಡಿ, ಒಲೆಯಿಂದ ಇಳಿಸಿದ ಪಾತ್ರೆಯನ್ನು ರನ್ನರ್ ಮೇಲೆ ನೇರವಾಗಿ ಇಡಬೇಡಿ.

[ದೃಶ್ಯ: ಸ್ಕೇಲ್ ಇಟ್ಟು ಚಾಕ್‌ನಿಂದ ಗೆರೆ ಎಳೆದು ಪಟ್ಟಿ ಕತ್ತರಿಸುವುದು]

ಒಗೆದ ಬಟ್ಟೆಗೆ ಇಸ್ತ್ರಿ ಮಾಡಿ, ನೂಲಿನ ಎಳೆಗೆ ನೇರವಾಗಿ ಗೆರೆ ಹಾಕಿ ಕತ್ತರಿಸಿ. ಓರೆಯಾಗಿ ಕತ್ತರಿಸಿದ ಪಟ್ಟಿ ಎಳೆದಂತೆಲ್ಲ ಹಿಗ್ಗುತ್ತದೆ, ಆಮೇಲೆ ಅದನ್ನು ಸರಿಮಾಡುವುದು ಕಷ್ಟ. ರೋಟರಿ ಕಟರ್ ಮತ್ತು ಮ್ಯಾಟ್ ಇದ್ದರೆ ಬೇಗ ಆಗುತ್ತದೆ. ಇಲ್ಲದಿದ್ದರೆ ಹರಿತವಾದ ಕತ್ತರಿಯೇ ಸಾಕು.

ಈಗ ಜೋಡಣೆ. ಎರಡು ಬಣ್ಣದ ಪಟ್ಟಿಗಳ ಸೀದಾ ಬದಿಗಳು, ಅಂದರೆ ಹೊರಗೆ ಕಾಣಬೇಕಾದ ಬದಿಗಳು, ಒಂದಕ್ಕೊಂದು ತಾಗುವಂತೆ ಇಟ್ಟು, ಅಂಚಿನಿಂದ ಕಾಲು ಇಂಚು ಬಿಟ್ಟು ಹೊಲಿಯಿರಿ. ಹೊಲಿಗೆಯ ಉದ್ದ ಎರಡೂವರೆ ಮಿಲಿಮೀಟರ್. ಸೂಜಿಯಿಂದ ಕಾಲು ಇಂಚು ದೂರದಲ್ಲಿ ಮೆಷಿನ್ ತಟ್ಟೆಯ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿಕೊಳ್ಳಿ. ಕಣ್ಣು ಸೂಜಿಯ ಮೇಲೆ ಬೇಡ, ಟೇಪಿನ ಅಂಚಿನ ಮೇಲಿರಲಿ.

ಈ ಕಾಲು ಇಂಚಿಗೆ ಯಾಕಿಷ್ಟು ಒತ್ತು? ಲೆಕ್ಕ ಹಾಕಿ ನೋಡಿ. ಪ್ರತಿ ಹೊಲಿಗೆ ಇಂಚಿನ ಹದಿನಾರನೇ ಒಂದು ಭಾಗದಷ್ಟು ಒಳಗೆ ಸರಿದರೆ, ಎರಡೂ ಪಟ್ಟಿ ಸೇರಿ ಅರೆಕಾಲು ಇಂಚು ಹೋಯಿತು. ನಮ್ಮಲ್ಲಿ 12 ಹೊಲಿಗೆ ಇವೆ. ಒಟ್ಟು ಒಂದೂವರೆ ಇಂಚು ಮಾಯ! ನೇರ ಪಟ್ಟಿಯ ರನ್ನರ್‌ನಲ್ಲಿ ಅದು ಎದ್ದು ಕಾಣದಿರಬಹುದು. ಮುಂದೆ ಚೌಕಗಳನ್ನು ಜೋಡಿಸಲು ಹೊರಟಾಗ ಮೂಲೆಗೆ ಮೂಲೆ ಕೂಡುವುದೇ ಇಲ್ಲ. ಅಭ್ಯಾಸ ಈಗಿನಿಂದಲೇ ಇರಲಿ.

[ದೃಶ್ಯ: ಜೋಡಿಗಳು ಒಂದರ ಹಿಂದೆ ಒಂದು ದಾರದ ಸರದಂತೆ ಮೆಷಿನ್‌ನಿಂದ ಹೊರಬರುವುದು]

ಮೊದಲು ಆರು ಜೋಡಿ ಮಾಡಿಕೊಳ್ಳಿ. ಆರನ್ನೂ ಮೇಲಿನಿಂದ ಕೆಳಕ್ಕೆ, ನಡುವೆ ದಾರ ಕತ್ತರಿಸದೆ ಒಂದರ ಹಿಂದೆ ಒಂದು ಹೊಲಿಯಿರಿ. ಆಮೇಲೆ ಜೋಡಿಗೆ ಜೋಡಿ ಸೇರಿಸುವಾಗ, ಉಳಿದ ಹದಿಮೂರನೇ ಪಟ್ಟಿಯನ್ನು ಸೇರಿಸುವಾಗ ಕೆಳಗಿನಿಂದ ಮೇಲಕ್ಕೆ ಹೊಲಿಯಿರಿ. ಹೀಗೆ ಮಾಡಿದರೆ ಅಕ್ಕಪಕ್ಕದ ಹೊಲಿಗೆಗಳು ಎದುರು ದಿಕ್ಕಿನಲ್ಲಿ ಬರುತ್ತವೆ. ಎಲ್ಲವನ್ನೂ ಒಂದೇ ದಿಕ್ಕಿನಲ್ಲಿ ಹೊಲಿದರೆ ಉದ್ದನೆಯ ಬಟ್ಟೆ ಬಿಲ್ಲಿನ ಹಾಗೆ ಒಂದು ಕಡೆಗೆ ಬಾಗುವ ಸಾಧ್ಯತೆ ಇದೆ.

ಇನ್ನು ಇಸ್ತ್ರಿ. ಇಲ್ಲಿ ಅವಸರ ಮಾಡಬೇಡಿ. ಪಟ್ಟಿಗಳನ್ನು ಬಿಡಿಸುವ ಮೊದಲು ಹೊಲಿಗೆಯ ಮೇಲೆ ಒಮ್ಮೆ ಒತ್ತಿ, ದಾರ ಬಟ್ಟೆಯೊಳಗೆ ಕೂರುತ್ತದೆ. ಆಮೇಲೆ ಬಿಡಿಸಿ, ಮಾರ್ಜಿನ್ ಅನ್ನು, ಅಂದರೆ ಹೊಲಿಗೆಯಾಚೆ ಉಳಿದ ಕಾಲು ಇಂಚಿನ ಅಂಚನ್ನು, ಗಾಢ ಬಣ್ಣದ ಕಡೆಗೆ ಮಡಚಿ ಒತ್ತಿ. ತಿಳಿ ಬಣ್ಣದ ಕಡೆಗೆ ಮಡಚಿದರೆ ಗಾಢ ಬಟ್ಟೆಯ ನೆರಳು ಮೇಲೆ ಕಾಣುತ್ತದೆ. ಶರ್ಟಿಗೆ ಎಳೆದಂತೆ ಇಸ್ತ್ರಿ ಎಳೆಯಬೇಡಿ. ಇಡಿ, ಒತ್ತಿ, ಎತ್ತಿ, ಮುಂದಕ್ಕೆ ಇಡಿ. ಎಳೆದರೆ ಪಟ್ಟಿಯ ಆಕಾರ ಕೆಡುತ್ತದೆ.

[ದೃಶ್ಯ: ಮೂರು ಪದರಗಳನ್ನು ಒಂದರ ಮೇಲೊಂದು ಹರಡುವುದು]

ಮೇಲಿನ ಬಟ್ಟೆ ಸಿದ್ಧವಾಯಿತು. ಅದನ್ನು ಅಳೆದು, ಸರಿಯಾಗಿ ಅಷ್ಟೇ ಅಳತೆಗೆ ಕೆಳಬಟ್ಟೆ ಕತ್ತರಿಸಿ. ಬ್ಯಾಟಿಂಗ್ ಸುತ್ತಲೂ ಒಂದು ಇಂಚು ದೊಡ್ಡದಿರಲಿ. ಅಂಚಿಗೆ ಬೇರೆ ಪಟ್ಟಿ ಕಟ್ಟುವ ಬೈಂಡಿಂಗ್ ಕ್ರಮವೂ ಇದೆ. ಅದು ಗಟ್ಟಿ, ನೋಡಲು ಚಂದ, ಆದರೆ ಮೂಲೆ ತಿರುಗಿಸಲು ಕೈ ಪಳಗಬೇಕು. ಮೊದಲ ರನ್ನರ್‌ಗೆ ದಿಂಬಿನ ಕವರಿನಂತೆ ಒಳಹೊರಗು ಮಾಡುವ ಕ್ರಮವೇ ಸುಲಭ.

ಎಲ್ಲಕ್ಕಿಂತ ಕೆಳಗೆ ಬ್ಯಾಟಿಂಗ್. ಅದರ ಮೇಲೆ ಕೆಳಬಟ್ಟೆ, ಸೀದಾ ಬದಿ ಮೇಲಕ್ಕೆ. ಅದರ ಮೇಲೆ ಪಟ್ಟಿ ಬಟ್ಟೆ, ಸೀದಾ ಬದಿ ಕೆಳಕ್ಕೆ. ಸುತ್ತಲೂ ಪಿನ್ ಮಾಡಿ, ಕಾಲು ಇಂಚು ಬಿಟ್ಟು ಹೊಲಿಯಿರಿ. ಉದ್ದದ ಬದಿಯ ನಡುವೆ 6 ಇಂಚು ಬಾಯಿ ಬಿಡಿ, ಅದರ ಎರಡೂ ತುದಿಯಲ್ಲಿ ರಿವರ್ಸ್ ಹೊಲಿಗೆ ಹಾಕಿ. ಹೊಲಿಗೆಯ ಹೊರಗಿರುವ ಬ್ಯಾಟಿಂಗನ್ನು ಹೊಲಿಗೆಯ ಹತ್ತಿರಕ್ಕೆ ಕತ್ತರಿಸಿ. ನಾಲ್ಕೂ ಮೂಲೆಯ ತುದಿಯನ್ನು ಓರೆಯಾಗಿ ಕತ್ತರಿಸಿ, ದಾರಕ್ಕೆ ಮಾತ್ರ ಕತ್ತರಿ ತಾಗದಿರಲಿ. ಬಾಯಿಯಿಂದ ಕೈ ಹಾಕಿ ಎಲ್ಲವನ್ನೂ ಸೀದಾ ಬದಿಗೆ ತಿರುಗಿಸಿ, ಮೊಂಡು ತುದಿಯ ಕಡ್ಡಿಯಿಂದ ಮೂಲೆಗಳನ್ನು ಹೊರದೂಡಿ. ಇಸ್ತ್ರಿ ಒತ್ತಿ, ಬಾಯಿಯನ್ನು ಕೈಹೊಲಿಗೆಯಿಂದ ಮುಚ್ಚಿ.

[ದೃಶ್ಯ: ಸೇಫ್ಟಿ ಪಿನ್ ಹಾಕುವುದು, ನಡುವಿನಿಂದ ಹೊರಕ್ಕೆ]

ಇಲ್ಲಿ ಸ್ವಲ್ಪ ನಿಲ್ಲೋಣ. ಸುಕ್ಕು ಹುಟ್ಟುವುದು ಇಲ್ಲೇ. ಮೆಷಿನ್‌ನ ಕೆಳಗಿನ ಹಲ್ಲುಗಳು ಕೆಳಬಟ್ಟೆಯನ್ನು ಹಿಂದಕ್ಕೆ ಎಳೆಯುತ್ತವೆ. ಮೇಲಿನ ಪ್ರೆಸರ್ ಫುಟ್ ಹಾಗೆ ಎಳೆಯುವುದಿಲ್ಲ, ಬಟ್ಟೆಯನ್ನು ಒತ್ತಿ ಹಿಡಿಯುತ್ತದೆ ಅಷ್ಟೆ. ಆಗ ಮೇಲಿನ ಬಟ್ಟೆ ಕೂದಲೆಳೆಯಷ್ಟು ಹಿಂದೆ ಉಳಿಯುತ್ತದೆ. ಗೆರೆ ಮುಗಿಯುವಷ್ಟರಲ್ಲಿ ಆ ಕೂದಲೆಳೆಗಳೆಲ್ಲ ಸೇರಿ ಒಂದು ನೆರಿಗೆ. ಅದಕ್ಕೆ ಪರಿಹಾರ ಪಿನ್. ನೆಲದ ಮೇಲೆ ಚಪ್ಪಟೆಯಾಗಿ ಹರಡಿ, ನಡುವಿನಿಂದ ಶುರು ಮಾಡಿ ಹೊರಕ್ಕೆ, ನಿಮ್ಮ ಅಂಗೈ ಅಗಲಕ್ಕೊಂದರಂತೆ, ಮೂರೂ ಪದರ ಸಿಗುವ ಹಾಗೆ ಸೇಫ್ಟಿ ಪಿನ್ ಹಾಕಿ. ಪಿನ್ನಿಗೆ ಜಿಪುಣತನ ಬೇಡ. ವಾಕಿಂಗ್ ಫುಟ್ ಎನ್ನುವ ಬಿಡಿಭಾಗ ಸಿಕ್ಕರೆ ಇನ್ನೂ ಒಳ್ಳೆಯದು. ಅದಕ್ಕೂ ಹಲ್ಲುಗಳಿರುತ್ತವೆ, ಮೇಲಿನ ಬಟ್ಟೆಯನ್ನೂ ಕೆಳಗಿನದರ ಜೊತೆಗೇ ಸಾಗಿಸುತ್ತದೆ.

ಈಗ ಕ್ವಿಲ್ಟಿಂಗ್. 14 ನಂಬರ್ ಸೂಜಿ ಹಾಕಿ, ಹೊಲಿಗೆಯ ಉದ್ದ 3 ಮಿಲಿಮೀಟರ್ ಮಾಡಿ. ಉಳಿದ ತುಂಡುಗಳಿಂದ ಮೂರು ಪದರದ ಒಂದು ಪುಟ್ಟ ಮಾದರಿ ಮಾಡಿ, ಅದರ ಮೇಲೆ ಟೆನ್ಷನ್, ಅಂದರೆ ದಾರದ ಬಿಗಿತ, ಪರೀಕ್ಷಿಸಿ. ಕೆಳಗಿನ ದಾರ ಮೇಲೆ ಇಣುಕಿದರೆ ಮೇಲಿನ ಟೆನ್ಷನ್ ಬಿಗಿಯಾಗಿದೆ ಎಂದರ್ಥ, ಸ್ವಲ್ಪ ಸಡಿಲಿಸಿ.

ಪ್ರತಿ ಜೋಡಣೆಯ ಎರಡೂ ಬದಿಗೆ, ಕಾಲು ಇಂಚು ದೂರದಲ್ಲಿ, ಅಗಲಕ್ಕೆ ಒಂದೊಂದು ಗೆರೆ. ಗೆರೆ ಚಿಕ್ಕದಿದ್ದಷ್ಟೂ ಬಟ್ಟೆ ಜರುಗುವುದು ಕಡಿಮೆ, ಅದಕ್ಕೇ ಉದ್ದಕ್ಕೆ ಬೇಡ. ನಡುವಿನ ಪಟ್ಟಿಯ ಪಕ್ಕದ ಜೋಡಣೆಯಿಂದ ಶುರು ಮಾಡಿ ಒಂದು ತುದಿಗೆ ಹೋಗಿ, ಮತ್ತೆ ನಡುವಿಗೆ ಬಂದು ಇನ್ನೊಂದು ತುದಿಗೆ ಹೋಗಿ. ಸಡಿಲವಿದ್ದ ಬಟ್ಟೆ ಹೊರಕ್ಕೆ ಸರಿಯುತ್ತದೆ, ನಡುವೆ ಸಿಕ್ಕಿಕೊಳ್ಳುವುದಿಲ್ಲ. ಸೂಜಿ ಹತ್ತಿರ ಬಂದಾಗ ಆಯಾ ಪಿನ್ ತೆಗೆಯಿರಿ, ಅದರ ಮೇಲೆ ಹೊಲಿಯಬೇಡಿ.

ಇನ್ನೊಂದು ಸಂಗತಿ, ಇದು ಜೋಡಣೆಗೆ ತದ್ವಿರುದ್ಧ. ಈಗ ಎಲ್ಲ ಗೆರೆಗಳನ್ನೂ ಒಂದೇ ಅಂಚಿನಿಂದ ಶುರು ಮಾಡಿ. ಅಕ್ಕಪಕ್ಕದ ಗೆರೆಗಳು ಎದುರು ದಿಕ್ಕಿಗೆ ಎಳೆದರೆ ಅವುಗಳ ನಡುವೆ ಓರೆ ಸುಕ್ಕು ಬೀಳುತ್ತದೆ. ಪ್ರತಿ ಸಲ ದಾರ ಕತ್ತರಿಸಿ ಮೊದಲಿನ ಅಂಚಿಗೆ ಬರುವುದು ಬೇಸರ ಅನ್ನಿಸಬಹುದು, ಆದರೂ ಹಾಗೇ ಮಾಡಿ. ಬಟ್ಟೆಯನ್ನು ಹಿಂದಿನಿಂದ ಎಳೆಯಬೇಡಿ, ಎರಡೂ ಅಂಗೈಗಳನ್ನು ಸೂಜಿಯ ಆಚೀಚೆ ಚಪ್ಪಟೆಯಾಗಿಟ್ಟು ದಾರಿ ತೋರಿಸಿದರೆ ಸಾಕು. ಎಲ್ಲಾದರೂ ನೆರಿಗೆ ಬಿದ್ದರೆ ಆ ಗೆರೆಯನ್ನು ಮಾತ್ರ ಬಿಚ್ಚಿ, ಇಸ್ತ್ರಿ ಒತ್ತಿ, ಪಿನ್ ಹತ್ತಿರ ಹತ್ತಿರ ಹಾಕಿ ಮತ್ತೆ ಹೊಲಿಯಿರಿ.

[ದೃಶ್ಯ: ಅಂಚಿನ ಸುತ್ತ ಕೊನೆಯ ಹೊಲಿಗೆ]

ಕೊನೆಗೆ ಅಂಚಿನಿಂದ ಅರೆಕಾಲು ಇಂಚು ಒಳಗೆ ಸುತ್ತಲೂ ಒಂದು ಹೊಲಿಗೆ. ಮೂಲೆಯಲ್ಲಿ ಸೂಜಿಯನ್ನು ಬಟ್ಟೆಯೊಳಗೇ ಇಳಿಸಿಟ್ಟು, ಫುಟ್ ಎತ್ತಿ, ಬಟ್ಟೆ ತಿರುಗಿಸಿ, ಮತ್ತೆ ಫುಟ್ ಇಳಿಸಿ ಮುಂದುವರಿಸಿ. ಒಗೆಯುವಾಗ ತಣ್ಣೀರು ಸಾಕು. ಹಿಂಡಬೇಡಿ, ಚಪ್ಪಟೆಯಾಗಿ ಹರಡಿ ಒಣಗಿಸಿ. ಬ್ಯಾಟಿಂಗ್ ಹತ್ತಿಯದಾದರೆ ಮೊದಲ ಒಗೆತದಲ್ಲಿ ಅದು ತುಸು ಕುಗ್ಗಿ, ಹೊಲಿಗೆಯ ಗೆರೆಗಳ ನಡುವೆ ಸಣ್ಣ ಸಣ್ಣ ಅಲೆ ಏಳುತ್ತದೆ. ಅದು ದೋಷವಲ್ಲ. ಕ್ವಿಲ್ಟ್ ಮಾಡಿದ ಬಟ್ಟೆಗೆ ಆ ಮೆತ್ತನೆಯ ನೋಟ ಬರುವುದೇ ಹಾಗೆ. ಬೇಡವೆನಿಸಿದರೆ ಮಂದ ಬಿಸಿಯಲ್ಲಿ ಇಸ್ತ್ರಿ ಒತ್ತಿ.